ಸುಮ್ನೆ ಆಡೋದು ಸಾರ್

ಸೋತವನ ಮಾನ ಮುಚ್ಚಲು ಕನ್ನಡದಲ್ಲಿ ಎರಡೂವರೆ ಅಕ್ಷರದ ಒಂದು ಪದವಿದೆ: ಸುಮ್ನೆ. 'ನಾನು ಸುಮ್ನೆ ಟೈಂಪಾಸಿಗೆ ಆಡೋದು ಸಾರ್' ಎಂದು ಗೆದ್ದವನು ಹೇಳಿದ್ದನ್ನು ಯಾರೂ ಕೇಳಿಲ್ಲ. ಗೆದ್ದರೆ ಅದು ಬುದ್ಧಿ, ಸೋತರೆ ಸುಮ್ನೆ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಎಂಬ 18ರ ಹುಡುಗ ಡಿಂಗ್ ಲಿರೆನ್ ಅವರನ್ನು ಮಣಿಸಿ ವಿಶ್ವ ಚಾಂಪಿಯನ್ ಆದ. ದೇಶಕ್ಕೆ ಬಂದ ಬುದ್ಧಿಯಲ್ಲಿ ನನಗೂ ಪಾಲಿರಬೇಕಲ್ಲ, ಅಂದೇ ರಾತ್ರಿ ಚೆಸ್ ಆ್ಯಪ್ ಹಾಕಿಕೊಂಡೆ. ವಾರದೊಳಗೆ ಸಿಸಿಲಿಯನ್, ಕಾರೋ-ಕಾನ್, ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭದ ವರಸೆಗಳೆಲ್ಲ ಬಾಯಿಗೆ ಬಂದವು. ಕೈಗೆ ಬರಲಿಲ್ಲ, ಅಷ್ಟೆ. ವಿಶ್ವ ಚೆಸ್ ಸಂಸ್ಥೆ ಫಿಡೆಯ ರೇಟಿಂಗ್ ಪಟ್ಟಿ ಶುರುವಾಗುವುದೇ 1400ರಿಂದ. ಆ್ಯಪಿನಲ್ಲಿ ನನ್ನದು 412. ಸೋತ ಮೇಲೆ ವಿಶ್ಲೇಷಣೆ ಒತ್ತಿದರೆ ನನ್ನ ನಡೆಗೆ ಕೆಂಪಗೆ ಎರಡು ಪ್ರಶ್ನೆ ಚಿಹ್ನೆ. ನಮ್ಮ ಹೆಡ್‌ಮಾಸ್ಟರು ಕೂಡ ಒಂದಕ್ಕೇ ನಿಲ್ಲಿಸುತ್ತಿದ್ದರು. ಪುಣ್ಯಕ್ಕೆ ಕಾರಣಗಳಿಗೆ ಬರವಿಲ್ಲ: ನೆಟ್‌ವರ್ಕ್ ಹೋಯಿತು, ಕುಕ್ಕರ್ ಕೂಗಿತು, ಬೆರಳು ಜಾರಿತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನೇ ಕಿತ್ತುಕೊಂಡರು. ಚದುರಂಗದ ಹಲಗೆಯ ಮೇಲೆ ಮಾತ್ರ ಅವರ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುತ್ತಿತ್ತು. ನನ್ನ ಕುದುರೆಗೆ ಅಷ್ಟು ತಿರುಗಾಟ ಆಗಿಬರುವುದಿಲ್ಲ. ಒಂದು ಮನೆ ಹೋಗಿ, ಹೆದರಿ, ವಾಪಸ್ ಬರುತ್ತದೆ.

ಮೊನ್ನೆ ಭಾನುವಾರ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿ ಹಲಗೆ ಹಿಡಿದು ಬಂದಳು. 'ಅಂಕಲ್, ಆಡ್ತೀರಾ?' ಮಗುವಿಗೆ ಬೇಜಾರಾಗದ ಹಾಗೆ ಹೇಗೆ ಗೆಲ್ಲುವುದು ಎಂಬ ಚಿಂತೆಯಲ್ಲೇ ಕೂತೆ. ಅವಳು ಒಂಟೆ ಬಿಟ್ಟಳು, ಆಮೇಲೆ ರಾಣಿಯನ್ನು ಹಲಗೆಯ ಅಂಚಿಗೆ ತಂದಳು. ನಾನು ಠೀವಿಯಿಂದ ಕುದುರೆ ಹಾರಿಸಿ, 'ರಾಣಿ ಜೋಪಾನ ಪುಟ್ಟ' ಎಂದೆ. ಅವಳು ಜೋಪಾನವಾಗಿಯೇ ರಾಣಿಯನ್ನೆತ್ತಿ ನನ್ನ ರಾಜನ ಮಗ್ಗುಲಿನ ಕಾಲಾಳನ್ನು ಹೊಡೆದು ಕೂರಿಸಿದಳು. ಆ ಕಾಲಾಳಿಗೆ ರಾಜ ಬಿಟ್ಟರೆ ಬೇರೆ ಕಾವಲಿರಲಿಲ್ಲ. ರಾಜನೇ ರಾಣಿಯನ್ನು ಹೊಡೆಯೋಣವೆಂದರೆ ದೂರದಲ್ಲಿ ಆ ಒಂಟೆ ಕಣ್ಣಿಟ್ಟು ನಿಂತಿತ್ತು. ನಾಲ್ಕೇ ನಡೆ! ಇದಕ್ಕೆ ಸ್ಕಾಲರ್ಸ್ ಮೇಟ್ ಎನ್ನುತ್ತಾರೆ. ನಮ್ಮಿಬ್ಬರಲ್ಲಿ ಸ್ಕಾಲರ್ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

'ಒಂಟೆ ನೋಡ್ಲೇ ಇಲ್ವಾ ಅಂಕಲ್? ಬೇಕಿದ್ರೆ ಒಂದು ನಡೆ ವಾಪಸ್ ತಗೊಳ್ಳಿ' ಎಂದಳು. ಸೋಲಾದರೂ ನುಂಗಬಹುದು, ಈ ಕರುಣೆ ಗಂಟಲಲ್ಲಿ ಇಳಿಯಲಿಲ್ಲ. ಅಡುಗೆಮನೆಯಿಂದ ಹೆಂಡತಿ ಇಣುಕುತ್ತಿದ್ದಳು. ಬ್ರಹ್ಮಾಸ್ತ್ರ ತೆಗೆಯಲೇಬೇಕಾಯಿತು.

'ಅಯ್ಯೋ ಪುಟ್ಟ, ನಾನು ಸುಮ್ನೆ ಆಡಿದ್ದು.'

ಅವಳು ಕಾಯಿಗಳನ್ನು ಡಬ್ಬಿಗೆ ತುಂಬುತ್ತಾ, ತಲೆ ಕೂಡ ಎತ್ತದೆ ಹೇಳಿದಳು: 'ನಾನೂ ಸುಮ್ನೆನೇ ಆಡಿದ್ದು ಅಂಕಲ್.'