ಮುಕ್ಕಣ್ಣನ ಮರ್ಜಿ

ಹಳೆಯ ಸಾಮಾನನ್ನು ನಮ್ಮ ತುಮಕೂರಿನವರು ಬೇಗ ಕೈಬಿಡುವುದಿಲ್ಲ. ಗುಜರಿಯವನಿಗೆ ಕೊಟ್ಟರೆ ಕೆ.ಜಿ. ಲೆಕ್ಕದಲ್ಲಿ ಹೋಗುತ್ತದೆಯೇ ಹೊರತು ಮರ್ಯಾದೆಯ ಲೆಕ್ಕದಲ್ಲಿ ಹೋಗುವುದಿಲ್ಲ ಎಂಬುದು ನಮ್ಮ ವಾದ. ನಮ್ಮ ಬೀದಿಯ ರಾಯರ ಹಜಾರದಲ್ಲಿ ಪ್ರೊಜೆಕ್ಟರೊಂದು ಉಳಿದುಕೊಂಡಿರುವುದು ಈ ವಾದದ ಬಲದಿಂದಲೇ. ಈಗಿನ ಅಂಗೈಯಗಲದ ಪ್ರೊಜೆಕ್ಟರಲ್ಲ ಅದು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಪಿಕ್ಚರ್ ಟ್ಯೂಬು. ಮುಂದೆ ಮೂರು ದಪ್ಪ ಮಸೂರ. ಎತ್ತಲು ಇಬ್ಬರು ಬೇಕು, ಇಬ್ಬರಿಗೂ ಸೊಂಟ ಗಟ್ಟಿಯಿರಬೇಕು. ಮನೆಯವರು ಇಟ್ಟ ಹೆಸರು ಮುಕ್ಕಣ್ಣ.

ಮುಕ್ಕಣ್ಣನಿಗೆ ಪ್ರಯಾಣ ಒಗ್ಗದು. ಮೂರೂ ಬಣ್ಣ ಪರದೆಯ ಮೇಲೆ ಒಂದರ ಮೇಲೊಂದು ಕೂತರೆ ಮಾತ್ರ ಚಿತ್ರ. ಪೆಟ್ಟಿಗೆ ಒಂದಿಷ್ಟು ಅಲುಗಿದರೂ ಅವು ಆಸ್ತಿ ಪಾಲಾದ ಅಣ್ಣತಮ್ಮಂದಿರು. ಒಮ್ಮೆ ನೆಂಟರ ಮದುವೆಗೆಂದು ಅದನ್ನು ಲಗೇಜ್ ಆಟೋದಲ್ಲಿ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಒಯ್ದಿದ್ದರು. ಹೆಸರಾದ ಕೆರೆ, ಹೆಸರಾದ ಕುದುರೆ ಫಾರಂ ಇರುವ ಆ ಊರಿನಲ್ಲಿ ಜನ ಎರಡನ್ನೂ ಮರೆತು ಪರದೆ ನೋಡಿದರು. ಮದುಮಗಳ ಮೂಗಿನಲ್ಲಿ ಮೂರು ಮೂಗುಬೊಟ್ಟು! ಕೆಂಪಿನದೊಂದು, ಹಸಿರಿನದೊಂದು, ನೀಲಿಯದೊಂದು. ಬೀಗರ ಕಡೆಯ ಅಜ್ಜಿಯೊಬ್ಬರು, "ಪರವಾಗಿಲ್ಲ, ಧಾರಾಳವಾಗಿಯೇ ಹಾಕಿದ್ದಾರೆ" ಎಂದು ಮೆಚ್ಚಿಕೊಂಡರಂತೆ.

ಆ ಕಾಯಿಲೆಗೆ ಸ್ಕ್ರೂ ಡ್ರೈವರು, ತಾಳ್ಮೆ ಸಾಕು. ರಾಯರ ಅಳಿಯ ಹಳೆಯ ಕಂಪ್ಯೂಟರು ತಂದು ಮುಕ್ಕಣ್ಣನಿಗೆ ಜೋಡಿಸಿದಾಗ ಬಂದದ್ದು ಬೇರೆಯೇ ಕಾಯಿಲೆ. 640ಕ್ಕೆ 480ರಲ್ಲಿಟ್ಟರೆ ಚಿತ್ರ ನೆಟ್ಟಗೆ. 800ಕ್ಕೆ 600 ಮಾಡಿದರೆ ಪಕ್ಕಕ್ಕೆ ಜರುಗಿ, ಬಣ್ಣವೂ ಬಾಡುತ್ತದೆ. 1024ಕ್ಕೆ 768 ಮಾಡಿದರೆ ಏನೂ ಆಗದವನಂತೆ ಮತ್ತೆ ನೆಟ್ಟಗೆ! ಮೆಕ್ಯಾನಿಕ್ ಹುಡುಗ ನೋಡಿದವನೇ ಅಂದ: "ಸಾ, ಇದು ಸಿಂಕ್ ಉಲ್ಟಾ."

ಸಿಂಕ್ ಎಂದರೇನೆಂದು ತಿಳಿಯಲು ತುಮಕೂರಿನವರು ದೂರ ಹೋಗಬೇಕಿಲ್ಲ, ಗುಬ್ಬಿವರೆಗೆ ಹೋದರೆ ಸಾಕು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ, ವೀರಣ್ಣನವರ ಕೈಯಲ್ಲಿ ಬೆಳೆದು, 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆನೆಯೇ ಬರಲಿ, ರಾಜನೇ ಬರಲಿ, ಕಂಪನಿ ನಾಟಕದಲ್ಲಿ ದೃಶ್ಯ ಮುಗಿಯುವುದು ಸೀಟಿಯಿಂದ. ಸೀಟಿ ಕೇಳಿದರೆ ಪರದೆಯವನು ಹಗ್ಗ ಎಳೆಯುತ್ತಾನೆ. ಚಿತ್ರದ ಗೆರೆ ಮುಗಿಯಿತೆಂದು ಊದುವ ಸೀಟಿಯೇ ಸಿಂಕ್. ನಮ್ಮ ಹಳೆಯ ದೂರದರ್ಶನದ ಟೀವಿಯಲ್ಲಿ ಸೆಕೆಂಡಿಗೆ 15,625 ಗೆರೆ. ಒಂದೊಂದು ಗೆರೆಗೂ 64 ಮೈಕ್ರೋಸೆಕೆಂಡು, ಅದರಲ್ಲಿ 4.7 ಸೀಟಿಗೆ. ಊರಿನ ಗಡಿಯಾರ ಕಾರ್ಖಾನೆಯಲ್ಲೇ ಆಯುಷ್ಯ ಸವೆಸಿದ ರಾಯರು ಇದನ್ನು ಕೇಳಿ, "ಸೆಕೆಂಡಿನ ಮುಳ್ಳೇ ಚುರುಕು ಅಂದುಕೊಂಡಿದ್ದೆನಲ್ಲ" ಎಂದು ನೊಂದುಕೊಂಡರು.

ಟೀವಿಯ ಕಾಲದಲ್ಲಿ ಒಂದೇ ಪದ್ಧತಿ ಇತ್ತು: ಚಿತ್ರದ ಕಪ್ಪಿಗಿಂತ ಕೆಳಗೆ ಸಿಂಕ್. ಕಂಪ್ಯೂಟರು ಬಂದ ಮೇಲೆ ಎರಡು ಕಂಪನಿಗಳಾದವು. ಒಂದರಲ್ಲಿ ಯಾವಾಗಲೂ ಮೌನ, ಹೊತ್ತಿಗೆ ಸರಿಯಾಗಿ ಒಂದು ಸೀಟಿ, ಇದು ಪಾಸಿಟಿವ್. ಇನ್ನೊಂದರಲ್ಲಿ ಸೀಟಿ ನಾಟಕದುದ್ದಕ್ಕೂ ಊದುತ್ತಲೇ ಇರುತ್ತದೆ, ಅರೆಗಳಿಗೆ ನಿಂತರೆ ಹಗ್ಗ ಎಳೆಯಬೇಕು, ಇದು ನೆಗೆಟಿವ್. ಮುಕ್ಕಣ್ಣ ಪಳಗಿದ್ದು ಎರಡನೆಯದರಲ್ಲಿ. ಅವನನ್ನು ಮೊದಲನೆಯದಕ್ಕೆ ಕರೆತಂದರೆ ಸೀಟಿ ಊದಿದಾಗ ಸುಮ್ಮನಿದ್ದು, ನಿಂತಾಗ ಎಳೆಯುತ್ತಾನೆ. ತಡವಾಗುವುದು ಕೂದಲೆಳೆಯಷ್ಟು, ಅಷ್ಟಕ್ಕೇ ಇಡೀ ಚಿತ್ರ ಪಕ್ಕಕ್ಕೆ. ಕಪ್ಪು ಎಷ್ಟು ಕಪ್ಪೆಂದು ಅಳೆಯುವ ಹೊತ್ತೂ ತಪ್ಪಿ, ಬಣ್ಣ ಬಾಡುತ್ತದೆ.

ಈ ಎಡವಟ್ಟು ಯಾರದೋ ಅಜಾಗ್ರತೆಯಿಂದ ಆದದ್ದಲ್ಲ, ಜಾಣತನದಿಂದ ಆದದ್ದು. 1987ರಲ್ಲಿ ಐಬಿಎಂನವರು ವಿಜಿಎ ತಂದಾಗ, ಗೆರೆಗಳೆಷ್ಟು ಎಂಬುದನ್ನು ಮಾನಿಟರಿಗೆ ತಿಳಿಸಲು ಸಿಂಕಿನ ದಿಕ್ಕನ್ನೇ ಗುಟ್ಟಿನ ಸನ್ನೆ ಮಾಡಿದರು. ಗೆರೆಗೊಂದರಂತೆ ಬರುವ ಅಡ್ಡ ಸಿಂಕ್ ಮೇಲೆ (ಪಾಸಿಟಿವ್), ಚಿತ್ರಕ್ಕೊಂದರಂತೆ ಬರುವ ಉದ್ದದ್ದು ಕೆಳಗಾದರೆ (ನೆಗೆಟಿವ್) 350 ಗೆರೆ, ಅದಲುಬದಲಾದರೆ 400, ಎರಡೂ ಕೆಳಗಾದರೆ 480. ಸನ್ನೆ ಬಲ್ಲ ಮಾನಿಟರು ಚಿತ್ರವನ್ನು ತಕ್ಕಂತೆ ಹಿಗ್ಗಿಸಿ ಕುಗ್ಗಿಸಿಕೊಂಡಿತು. ಮುಂದೆ 800ಕ್ಕೆ 600ಕ್ಕೆ ಎರಡನ್ನೂ ಮೇಲಿಟ್ಟರು, 1024ಕ್ಕೆ 768ಕ್ಕೆ ಮತ್ತೆ ಕೆಳಗಿಟ್ಟರು. ಸನ್ನೆ ಅರಿಯದ ಮುಕ್ಕಣ್ಣನಂಥವರು ಎಲ್ಲವನ್ನೂ ಅಪ್ಪಣೆ ಎಂದೇ ತಿಳಿದರು.

ಹುಡುಗ ಬೆಂಗಳೂರಿನ ಎಸ್.ಪಿ. ರೋಡಿನಿಂದ 7486 ಎಂಬ ಪುಟ್ಟ ಐಸಿ ತಂದ. ಅದರೊಳಗೆ ನಾಲ್ಕು ಗೇಟು. ಅಡ್ಡ ಸಿಂಕಿಗೆ ಎರಡು, ಉದ್ದದ್ದಕ್ಕೆ ಎರಡು. ಪ್ರತಿ ಗೇಟಿಗೂ ಎರಡು ಕಿವಿ. ಒಂದು ಕಿವಿಗೆ ಸಿಂಕ್ ಕೊಟ್ಟು, ಇನ್ನೊಂದನ್ನು ಕೆಳಗಿಟ್ಟರೆ ಬಂದದ್ದನ್ನು ಬಂದ ಹಾಗೇ ದಾಟಿಸುತ್ತದೆ. ಮೇಲಿಟ್ಟರೆ ಉಲ್ಟಾ ಮಾಡಿ ದಾಟಿಸುತ್ತದೆ. ಆ ಇನ್ನೊಂದು ಕಿವಿಗೆ ಹೇಳಿಕೊಡುವುದಕ್ಕೆ ಒಂದು ರೆಸಿಸ್ಟರು, ಒಂದು ಕೆಪಾಸಿಟರು. ಅವೆರಡೂ ಸೇರಿ ಸರಾಸರಿ ನೋಡುತ್ತವೆ: ಹೆಚ್ಚು ಹೊತ್ತು ಮೌನವೋ, ಹೆಚ್ಚು ಹೊತ್ತು ಸೀಟಿಯೋ? ಮೌನವೇ ಹೆಚ್ಚಾದರೆ ತಿರುವು, ಸೀಟಿಯೇ ಹೆಚ್ಚಾದರೆ ಬಿಡು. ಕಂಪ್ಯೂಟರು ಏನೇ ಕಳಿಸಲಿ, ಮುಕ್ಕಣ್ಣನಿಗೆ ಮುಟ್ಟುವುದು ಅವನಿಗೆ ಒಗ್ಗುವ ಮಾತು. ಈಚೆಯವನಿಗೂ ತಾನು ಸೋತೆನೆಂದು ತಿಳಿಯದು, ಆಚೆಯವನಿಗೂ ತಿಳಿಯದು.

ಚಿತ್ರ ನೆಟ್ಟಗೆ ನಿಂತಿತು. ಕೂಲಿಯ ಮಾತು ಬಂದಾಗ ರಾಯರು ನೆಟ್ಟಗೆ ನಿಲ್ಲಲಿಲ್ಲ.

"ಅಲ್ಲಯ್ಯಾ, ಇಷ್ಟಗಲದ ಐಸಿ. ಮೇಲಿನದು ಕೆಳಗೆ ಮಾಡೋದಕ್ಕೆ ಐನೂರೇ?"

"ತಿರುವೋದಕ್ಕೆ ದುಡ್ಡಿಲ್ಲ ಸಾ, ಅದನ್ನ ಯಾರ್ ಬೇಕಾದ್ರೂ ಮಾಡ್ತಾರೆ. ಯಾವಾಗ ತಿರುವಬಾರ್ದು ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ, ದುಡ್ಡು ಅದಕ್ಕೆ."

ಒಳಗಿನಿಂದ ರಾಯರ ಹೆಂಡತಿಯ ದನಿ ಬಂತು: "ಹಾಗಾದ್ರೆ ಇವರಿಗೂ ಒಂದು ಹಾಕಿಕೊಟ್ಟು ಹೋಗಪ್ಪಾ. ಎಲ್ಲಾ ಮಾತನ್ನೂ ತಿರುವೋದೇ ಆಯ್ತು. ಇನ್ನೈನೂರು ನಾನು ಕೊಡ್ತೀನಿ."