ನೂರೆಂಟು ಮೆಗಾಪಿಕ್ಸೆಲ್ಲಿನ ಮಹಿಷಾಸುರ

ನಮ್ಮ ಭಾವನಿಗೂ ಅವರ ಮಗನಿಗೂ ರಾಜಕೀಯದಲ್ಲಿ ಜಗಳವಿಲ್ಲ, ಆಸ್ತಿಯಲ್ಲಿ ತಕರಾರಿಲ್ಲ. ಇರುವುದು ಒಂದೇ ವ್ಯಾಜ್ಯ, ಕ್ಯಾಮರಾದ ಸೆನ್ಸರಿನದು. ಭಾವ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕ್ಯಾನನ್ 5ಡಿ 2005ರ ಮಾಡೆಲ್ಲು, 12.8 ಮೆಗಾಪಿಕ್ಸೆಲ್. ಅವರ ಮಗ, ಅಂದರೆ ನನ್ನ ಅಳಿಯನ ಮೊಬೈಲಿನ ಬೆನ್ನ ಮೇಲೆ 108 ಎಂದು ಬರೆದಿದೆ. ನೂರೆಂಟು ನಮ್ಮವರಿಗೆ ಮೊದಲೇ ಭಕ್ತಿಯ ಸಂಖ್ಯೆ. ಅಷ್ಟೋತ್ತರವೂ ಅದೇ, ಆಂಬುಲೆನ್ಸೂ ಅದೇ. ಅದರೆದುರು 12.8 ಎಂದರೆ ಕೇಳಿದವರು ಹಿಮೋಗ್ಲೋಬಿನ್ ಇರಬೇಕೆಂದುಕೊಳ್ಳುತ್ತಾರೆ.

ಭಾವನ ವಾದ ಜಾಗದ್ದು. ಅವರ ಸೆನ್ಸರು ಸುಮಾರು 36 ಮಿಲಿಮೀಟರ್ ಉದ್ದ, 24 ಅಗಲ. ಮಗನದ್ದು ಸುಮಾರು 9.6ಕ್ಕೆ 7.2. ಅಂದರೆ ಹನ್ನೆರಡರಲ್ಲೊಂದು ಪಾಲು ಜಾಗ, ಅದರಲ್ಲಿ ಎಂಟು ಪಟ್ಟು ಮಂದಿ. ಐದು ಸೆಂಟ್ಸ್ ಜಾಗವನ್ನು ನೂರೆಂಟು ಜನ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ಒಬ್ಬೊಬ್ಬನಿಗೂ ಕಾಲೂರಲು ಸಿಗುವಷ್ಟೇ. ಹಾಗೆಂದು ಮೊಬೈಲಿನವರಿಗೂ ಇದು ಗೊತ್ತಿಲ್ಲದ್ದಲ್ಲ. ಅವರು ಒಂಬತ್ತೊಂಬತ್ತು ಜನರ ನಡುವಿನ ಗೋಡೆ ಒಡೆದು ಮತ್ತೆ ಒಟ್ಟು ಕುಟುಂಬ ಮಾಡಿ, ಕೊನೆಗೆ ಕೈಗೆ ಕೊಡುವುದು 12 ಮೆಗಾಪಿಕ್ಸೆಲ್ಲಿನ ಫೋಟೊವನ್ನೇ. ಪಾಲುಪಟ್ಟಿ ಮಾತ್ರ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ.

ಸೆನ್ಸರಿನ ಲೋಕದಲ್ಲಿ ಅಳತೆಗಳೇ ಹೀಗೆ. ‘ಒಂದು ಇಂಚಿನ ಸೆನ್ಸರ್’ ಎಂದು ಮಾರುವ ವಸ್ತುವಿನ ಉದ್ದ 13.2 ಮಿಲಿಮೀಟರ್, ಅಗಲ 8.8. ಮೂಲೆಯಿಂದ ಮೂಲೆಗೆ ಹಿಡಿದರೂ 16 ದಾಟುವುದಿಲ್ಲ. ಇಂಚು ಎಂದರೆ 25.4. ಹಳೇ ಟಿವಿ ಕ್ಯಾಮರಾಗಳಲ್ಲಿದ್ದ ಗಾಜಿನ ಕೊಳವೆಯ ಹೊರವ್ಯಾಸವನ್ನು ಅಳೆಯುತ್ತಿದ್ದ ಪದ್ಧತಿಯಂತೆ ಇದು; ಕೊಳವೆ ಹೋಯಿತು, ಇಂಚು ಉಳಿಯಿತು. ತೂಕ ಮತ್ತು ಅಳತೆ ಇಲಾಖೆಯ ಕಣ್ಣಿಗೆ ಇನ್ನೂ ಬಿದ್ದ ಹಾಗಿಲ್ಲ.

ಅಂತೂ ಪರೀಕ್ಷೆಗೆ ಮುಹೂರ್ತ ಕೂಡಿಬಂದದ್ದು ಊರಿನ ಗದ್ದೆಯಲ್ಲಿ ನಡೆದ ‘ದೇವಿ ಮಹಾತ್ಮೆ’ ಬಯಲಾಟದಂದು. ನಡುರಾತ್ರಿ ಮೀರಿದ ಮೇಲೆ ಮಹಿಷಾಸುರ ರಂಗಸ್ಥಳದಿಂದಲ್ಲ, ಜನರ ಬೆನ್ನ ಹಿಂದಿನಿಂದ ಬರುತ್ತಾನೆ. ದೊಂದಿ ಉರಿಯುತ್ತದೆ, ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆನ್ನುತ್ತದೆ, ಮರುಕ್ಷಣ ಕತ್ತಲು. ಸೆನ್ಸರಿನ ಗುಣ ತಿಳಿಯಲು ಇದಕ್ಕಿಂತ ಕಠಿಣ ಪ್ರಯೋಗಾಲಯ ಜಪಾನಿನಲ್ಲೂ ಇರಲಾರದು. ಬೆಳಕು ಬರುವುದು ಲೆಕ್ಕವಿಟ್ಟು ಅಲ್ಲ, ಚದುರಿಕೊಂಡು. 100 ಕಣ ಬರಬೇಕಾದಲ್ಲಿ ಹತ್ತರಷ್ಟು ಹೆಚ್ಚುಕಡಿಮೆ ಆಗುತ್ತದೆ. 10,000 ಬರುವಲ್ಲಿ ಏರುಪೇರು ನೂರರಷ್ಟೇ, ಶೇಕಡಾ ಒಂದು. ಕಡಿಮೆ ಬೆಳಕಿನ ಫೋಟೊದಲ್ಲಿ ರವೆ ಉದುರಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಈ ಏರುಪೇರೇ. ಭಾವ ಐಎಸ್‌ಒವನ್ನು ಅವರ ಕ್ಯಾಮರಾದ ತುತ್ತತುದಿಯಾದ 3200ಕ್ಕೆ ಏರಿಸಿ ಉಸಿರು ಬಿಗಿಹಿಡಿದರು. ಅಳಿಯ ಮೊಬೈಲನ್ನು ಮಹಿಷಾಸುರನ ಮೂಗಿನ ತನಕ ಚಾಚಿ, ದೊಂದಿ ಹಿಡಿದವನಿಂದ ಬೈಸಿಕೊಂಡ.

ಬೆಳಗಿನ ಜಾವ ವೇಷ ಕಟ್ಟುವ ಚೌಕಿಯ ಪಕ್ಕದ ಚಾದಂಗಡಿಯಲ್ಲಿ ತೀರ್ಪು. ಲ್ಯಾಪ್‌ಟಾಪಿನಲ್ಲಿ ಎರಡೂ ಫೋಟೊಗಳನ್ನು ನಾಲ್ಕು ಪಟ್ಟು ಹಿಗ್ಗಿಸಿ ಎಡಬಲಕ್ಕೆ ಇಟ್ಟರು. ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಳ್ಳುಮುಳ್ಳಾಗಿ ಇಡುವ ಚುಟ್ಟಿ ಇರುತ್ತದಲ್ಲ, ಅದೇ ಪಂದ್ಯದ ವಸ್ತು. ಮಗನ ಫೋಟೊದಲ್ಲಿ ರವೆ ಇಲ್ಲ, ಚುಟ್ಟಿಯೂ ಇಲ್ಲ. ಮೊಬೈಲಿನ ಬುದ್ಧಿ ಎರಡನ್ನೂ ಒಂದೇ ಎಂದು ತಿಳಿದು ಒರೆಸಿ, ಅಸುರನಿಗೆ ಮದುಮಗಳ ಫೇಶಿಯಲ್ ಮಾಡಿತ್ತು. ಅಪ್ಪನದ್ದರಲ್ಲಿ ಚುಟ್ಟಿಯ ಒಂದೊಂದು ಮುಳ್ಳೂ ಇದೆ, ಕತ್ತಲಿನ ತುಂಬ ರವೆಯೂ ಇದೆ.

“ರವೆ ನೋಡಿ ಅಪ್ಪ, ಉಪ್ಪಿಟ್ಟು ಮಾಡಬಹುದು.”

“ನಿನ್ನದರಲ್ಲಿ ಮುಖ ಎಲ್ಲಿದೆ, ತೋರಿಸು!”

ಅಷ್ಟರಲ್ಲಿ ಬಣ್ಣ ತೆಗೆದು ಚಾ ಕುಡಿಯಲು ಬಂದ ಮಹಿಷಾಸುರರೇ ಬಗ್ಗಿ ನೋಡಿದರು. ಕೆನ್ನೆಯಲ್ಲಿ ಇನ್ನೂ ಸ್ವಲ್ಪ ಸುಣ್ಣ ಉಳಿದಿತ್ತು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. “ಅಲ್ಲ ಮಾರಾಯ್ರೆ, ನನ್ನ ಕೊಂಬು ಎಂತ ಆಯ್ತು?” ಎಂದರು.

ಅಳಿಯ ಈಗ 200 ಮೆಗಾಪಿಕ್ಸೆಲ್ಲಿನ ಮೊಬೈಲಿಗೆ ದುಡ್ಡು ಕೂಡಿಡುತ್ತಿದ್ದಾನೆ. ಅದರಲ್ಲಿ ಹದಿನಾರು ಹದಿನಾರು ಜನರನ್ನು ಒಟ್ಟುಗೂಡಿಸುತ್ತಾರಂತೆ. ಭಾಗಿಸಿ ನೋಡಿದೆ: 12.5. ಭಾವನದ್ದು 12.8. ಈ ಲೆಕ್ಕವನ್ನು ಭಾವನಿಗೆ ನಾನಿನ್ನೂ ಹೇಳಿಲ್ಲ. ಹೇಳಿದರೆ ಫ್ರೇಮು ಹಾಕಿಸಿ ದೇವರ ಕೋಣೆಯಲ್ಲಿ ತೂಗುಹಾಕಿಯಾರು.