ಅಸಾರೊ ಮೂಲತಃ ಬೋಳುಹುಳಿ: ಒಂದು ಗಡ್ಡೆಶಾಸ್ತ್ರೀಯ ಜಿಜ್ಞಾಸೆ

ನೈಜೀರಿಯದ ಯೊರುಬಾ ಜನರ ಅಸಾರೊ ಎಂಬ ಗಡ್ಡೆಯ ಅಡುಗೆ ಮೂಲತಃ ಉಡುಪಿ ಸೀಮೆಯ ಬೋಳುಹುಳಿಯೇ ಎಂಬ ಸತ್ಯವನ್ನು ಇದುವರೆಗೆ ಯಾರೂ ಬರೆದಂತಿಲ್ಲ. ಯಾರೂ ಬರೆಯದ್ದು ಸುಳ್ಳೇ ಇರಬೇಕೆಂದು ಕೆಲವರು ವಾದಿಸಬಹುದು. ಆ ತರ್ಕವನ್ನು ಒಪ್ಪಿದರೆ ಪಿಎಚ್.ಡಿ. ಪದವಿಯನ್ನೇ ನಿಲ್ಲಿಸಬೇಕಾಗುತ್ತದೆ. ಅಸಾರೊ ಮಾಡುವ ಕ್ರಮ ಇಷ್ಟು: ಗಡ್ಡೆಯ ಸಿಪ್ಪೆ ಹೆರೆದು, ಹೋಳು ಮಾಡಿ, ಉಪ್ಪು ಹಾಕಿ ಬೇಯಿಸುವುದು, ಮೆಣಸು, ಟೊಮೆಟೊ, ಈರುಳ್ಳಿ ಅರೆದು ಸುರಿಯುವುದು, ಕೆಂಪು ತಾಳೆ ಎಣ್ಣೆ ಬಿಡುವುದು, ಕೊನೆಗೆ ಅರ್ಧದಷ್ಟು ಹೋಳುಗಳನ್ನು ಸೌಟಿನಿಂದ ಒತ್ತಿ, ಉಳಿದದ್ದನ್ನು ಹಾಗೆಯೇ ಬಿಟ್ಟು, ಮಂದ ಮಾಡಿ ಇಳಿಸುವುದು. ತೆಂಗಿನಕಾಯಿಯ ಸುದ್ದಿಯೇ ಇಲ್ಲ. ಕಾಯಿ ಅರೆದು ಹಾಕದ ಹುಳಿಗೆ ನಮ್ಮಲ್ಲಿ ಬೋಳುಹುಳಿ ಎನ್ನುವುದು. ಪ್ರಬಂಧ ಇಲ್ಲಿಗೇ ಮುಗಿಯಬಹುದಿತ್ತು. ಇಷ್ಟು ಬೇಗ ಮುಗಿದದ್ದನ್ನು ಯಾರೂ ಸಂಶೋಧನೆ ಎನ್ನುವುದಿಲ್ಲವಾದ್ದರಿಂದ ಮುಂದುವರಿಸಬೇಕಾಗಿದೆ.

ಭಾಷೆಯ ಸಾಕ್ಷ್ಯ ನೋಡೋಣ. ತುಳುವಿನಲ್ಲಿ ಬಾಯಾರಿಕೆಗೆ ಆಸರ್ ಎನ್ನುತ್ತಾರೆ; ಮನೆಗೆ ಬಂದವರನ್ನು ‘ಆಸರಿಗೆ ಬೇಕಾ’ ಎಂದು ಕೇಳುವುದು ಈ ಕಡೆಯ ಮರ್ಯಾದೆ. ಆಸರು ಅಸಾರೊ ಆಗಲು ಒಂದು ದೀರ್ಘ ಅರ್ಧ ಅಂಗುಲ ಮುಂದೆ ಸರಿದರೆ ಸಾಕು. ಸಮುದ್ರ ದಾಟುವಾಗ ಸಾಮಾನು ಅಷ್ಟಾದರೂ ಜರುಗದಿದ್ದರೆ ಆಶ್ಚರ್ಯ. ಆಸರು ಕುಡಿಯುವಂಥದ್ದು, ಅಸಾರೊ ಉಣ್ಣುವಂಥದ್ದಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ: ಸರಿಯಾಗಿ ಬೇಯದ ಗಡ್ಡೆ ತಿಂದವನು ತಂಬಿಗೆ ಹುಡುಕುತ್ತಾನೆ, ಕಾರ್ಯದ ಹೆಸರನ್ನು ಕಾರಣಕ್ಕೆ ಇಡುವುದು ಆಲಂಕಾರಿಕರು ಒಪ್ಪಿದ ಲಕ್ಷಣೆ. ಇನ್ನು, ಗಡ್ಡೆಗೆ ಯೊರುಬಾದಲ್ಲಿ ಇಸು ಎಂದು ಹೆಸರು. ಹಳಗನ್ನಡದಲ್ಲಿ ಇಸು ಎಂದರೆ ಬಾಣ ಬಿಡು. ಸುವರ್ಣಗಡ್ಡೆಯ ತಿರುಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಗಂಟಲಿಗೆ ನಾಟುವುದು ಅವೇ. ಸೂಕ್ಷ್ಮದರ್ಶಕವಿಲ್ಲದೆ ಗಡ್ಡೆಯೊಳಗಿನ ಬಿಲ್ಲುಗಾರನನ್ನು ಕಂಡ ಆ ಪೂರ್ವಿಕನಿಗೆ ವ್ಯಾಕರಣವೂ ಗೊತ್ತಿತ್ತು, ತುರಿಕೆಯೂ ಗೊತ್ತಿತ್ತು. ಒರಳಿಗೆ ಯೊರುಬಾದವರು ಒದೊ ಎನ್ನುತ್ತಾರೆ. ಕೊನೆಯ ‘ಳು’ ಕಳಚಿ ಬಿದ್ದದ್ದು ಕುಟ್ಟುವಾಗಿನ ಪೆಟ್ಟಿಗೆ.

ಸಸ್ಯಶಾಸ್ತ್ರದವರು ಇಲ್ಲಿ ತಡೆಯುತ್ತಾರೆ. ಯೊರುಬಾ ಇಸು ಡಯಾಸ್ಕೋರಿಯಾ ಕುಲದ ಬಳ್ಳಿ, ನಮ್ಮ ಸುವರ್ಣಗಡ್ಡೆಯೋ ಕೆಸುವಿನ ಬಂಧು, ಇವೆರಡಕ್ಕೆ ಕುಟುಂಬವೇ ಬೇರೆ ಎನ್ನುತ್ತಾರೆ. ನಿಜ. ಆದರೆ ಹೋಟೆಲಿನ ಇಂಗ್ಲಿಷ್ ಮೆನುವಿನಲ್ಲಿ ಎರಡಕ್ಕೂ ಯಾಮ್ ಎಂದೇ ಇರುತ್ತದೆ. ಸಸ್ಯಗಳನ್ನು ವರ್ಗೀಕರಿಸಿದ ಲಿನೇಯಸ್ ಮತ್ತು ಮೆನುವಿನ ನಡುವೆ ಭಿನ್ನಮತ ಬಂದಾಗ ಹಸಿದವನು ಯಾರನ್ನು ನಂಬುತ್ತಾನೆಂಬುದು ಸ್ಪಷ್ಟ. ಅಷ್ಟಕ್ಕೂ ಸಮಾಧಾನವಾಗದವರು ಹಿತ್ತಿಲಿನ ತೂಣಗೆಣಸನ್ನು ನೋಡಲಿ. ಅದು ಅಪ್ಪಟ ಡಯಾಸ್ಕೋರಿಯಾ; ಏಷ್ಯಾದಲ್ಲಿ ಹುಟ್ಟಿ ಆಫ್ರಿಕಕ್ಕೆ ಹೋದದ್ದೆಂದು ಆ ಶಾಸ್ತ್ರದವರೇ ಹೇಳುತ್ತಾರೆ. ಯೊರುಬಾ ನಾಡಿನಲ್ಲಿ ಅದಕ್ಕೆ ಎವುರಾ ಎಂದು ಹೆಸರು. ಅದನ್ನು ತುರಿದು ಎಣ್ಣೆಯಲ್ಲಿ ಕರಿದರೆ ಒಜೊಜೊ. ನಾವು ಗಡ್ಡೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಪೋಡಿ ಎನ್ನುತ್ತೇವೆ. ಹೀಗೆ ಪ್ರಯಾಣದ ದಿಕ್ಕು ಸಿದ್ಧವಾಯಿತು. ಹಡಗು ಹೊರಟದ್ದು ಮಲ್ಪೆಯಿಂದ ಎಂಬುದೊಂದೇ ಬಾಕಿ. ಜಗತ್ತಿನ ಡಯಾಸ್ಕೋರಿಯಾ ಗಡ್ಡೆಯಲ್ಲಿ ಸುಮಾರು ಮೂರನೆಯ ಎರಡು ಪಾಲು ಇಂದು ನೈಜೀರಿಯದಲ್ಲೇ ಬೆಳೆಯುತ್ತದೆಂಬುದು ನಮ್ಮ ವಾದಕ್ಕೆ ತೊಡಕಲ್ಲ. ತವರಿಗಿಂತ ಗಂಡನ ಮನೆಯಲ್ಲಿ ಸಂಸಾರ ದೊಡ್ಡದಾಗುವುದು ಲೋಕರೂಢಿ.

ಆದರೆ ನಿರ್ಣಾಯಕ ಪ್ರಮಾಣವಿರುವುದು ಒಲೆಯ ಮೇಲೆ. ಉಡುಪಿಯ ಯಾವುದೇ ಮನೆಯಲ್ಲಿ ಅಸಾರೊ ಮಾಡಲು ಹೊರಟರೂ ಆಗುವುದು ಇದು. ಇಸು ಸಿಗದೆ ಸುವರ್ಣಗಡ್ಡೆ ಬರುತ್ತದೆ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಮಣ್ಣು ಮೆತ್ತಿದ ಗಂಟುಸಿಪ್ಪೆ ಕೆತ್ತಿದಾಗ ಒಳಗೆ ನಸುಗೆಂಪು ತಿರುಳು ಕಾಣುತ್ತದೆ. ನೀರು ತಾಗಿದ ಬೆರಳ ಸಂದಿಯಲ್ಲಿ ತುರಿಕೆ ಶುರು. ತುರಿಕೆಗೆ ಮದ್ದೆಂದು ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ ಪಾತ್ರೆಗೆ ಬೀಳುತ್ತದೆ. ಹುಣಸೆ ಬಿದ್ದ ಮೇಲೆ ಟೊಮೆಟೊ ಯಾಕೆ? ಅಲ್ಲಿಯ ಮೆಣಸಿನ ಬದಲು ಬ್ಯಾಡಗಿ. ತಾಳೆ ಎಣ್ಣೆಯೇನೋ ಅಂಗಡಿಯಲ್ಲಿ ಪಾಮೊಲಿನ್ ವೇಷದಲ್ಲಿದೆ, ಆದರೆ ಕೆಂಪೆಲ್ಲ ಕಳೆದುಕೊಂಡಿದೆ, ಹಾಗಾಗಿ ತೆಂಗಿನೆಣ್ಣೆ. ತೆಂಗಿನೆಣ್ಣೆ ಕಾದರೆ ಸಾಸಿವೆ, ಕರಿಬೇವು ತಾವಾಗಿಯೇ ಹಾರುತ್ತವೆ. ಒಂದೊಂದೂ ನ್ಯಾಯವಾದ ಬದಲಾವಣೆ. ಒಟ್ಟು ಫಲ ಮಾತ್ರ ಬೋಳುಹುಳಿ. ಇದು ಅಡುಗೆಯ ಸೋಲಲ್ಲವೇ ಎನ್ನುವವರು ನದಿ ಸಮುದ್ರ ಸೇರುವುದನ್ನೂ ಸೋಲೆಂದೇ ಕರೆಯಲಿ.

ಪಾಠಾಂತರಗಳನ್ನು ಚುಟುಕಾಗಿ ಹೇಳಬಹುದು. ರಥಬೀದಿಯ ಪಾಠದಲ್ಲಿ ಈರುಳ್ಳಿ ಇಲ್ಲ, ಅದರ ಜಾಗದಲ್ಲಿ ಇಂಗು. ಕಾಪು ಪಾಠದಲ್ಲಿ ಒಣ ಎಟ್ಟಿ, ಅಂದರೆ ಸಿಗಡಿ, ಸೇರುತ್ತದೆ. ಉಡುಪಿಯ ಪಂಡಿತರು ಇದನ್ನು ಪ್ರಕ್ಷಿಪ್ತವೆಂದು ತಳ್ಳಿದರೂ, ಯೊರುಬಾ ಮನೆಗಳಲ್ಲಿ ಅಸಾರೊಗೆ ಒಣಮೀನು, ಒಣಸಿಗಡಿ ಹಾಕುವ ರೂಢಿ ಇರುವುದರಿಂದ ಕಾಪುವಿನದೇ ಪ್ರಾಚೀನತರ ಎನ್ನಬೇಕಾಗುತ್ತದೆ. ಕಾಪುವಿನ 1901ರ ದೀಪಸ್ತಂಭ ಅಂದಿನಿಂದ ಪಶ್ಚಿಮದ ಕಡಲಿಗೇ ಬೆಳಕು ಬಿಡುತ್ತಿರುವುದು ಸುಮ್ಮನೆಯಲ್ಲ. ಮಣಿಪಾಲದ್ದು ಕುಕ್ಕರ್ ಪಾಠ: ಮೂರು ವಿಸಿಲ್, ಅರ್ಧ ಹೋಳು ಅರ್ಧ ಮುದ್ದೆ ಎಂಬ ಭೇದವೇ ಅಳಿದು ಅದ್ವೈತ. ಮಧ್ವರ ಸೀಮೆಯಲ್ಲಿ ಇದಕ್ಕೆ ಮನ್ನಣೆ ಸಿಗುವುದು ಕಷ್ಟ.

ಬಲವಾದ ಆಕ್ಷೇಪ ಬರುವುದು ಜೈನ ಪರಂಪರೆಯ ಊರಾದ ಕಾರ್ಕಳದಿಂದ. ಜೈನರಿಗೆ ಕಂದಮೂಲ ವರ್ಜ್ಯ. ಗಡ್ಡೆಯನ್ನೇ ಮುಟ್ಟದ ಊರು ಗಡ್ಡೆಯಡುಗೆಯ ತವರಿನೊಳಗೆ ಹೇಗೆ ಸೇರುತ್ತದೆ? ಸಿದ್ಧಾಂತಕ್ಕೆ ಇದರಿಂದ ಬಲವೇ ಬರುತ್ತದೆ. ಇಲ್ಲದ್ದನ್ನು ಯಾರೂ ನಿಷೇಧಿಸುವುದಿಲ್ಲ. ಮೇಲಾಗಿ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಯಾದ 42 ಅಡಿಯ ಗೊಮ್ಮಟನ ಕಾಲು, ತೋಳುಗಳಿಗೆ ಶಿಲ್ಪಿ ಬಳ್ಳಿ ಹಬ್ಬಿಸಿದ್ದಾನೆ. ಮಾಧವೀಲತೆಯೆಂದು ವಾಡಿಕೆ, ಎಲೆ ಹೃದಯದಾಕಾರದ್ದೆಂದು ಸಿದ್ಧವಾದರೆ ತೂಣಗೆಣಸೆಂದು ಓದಲು ಅಡ್ಡಿಯಿಲ್ಲ. ತೋಳಿನವರೆಗೆ ಏರಿ ಎಲೆಯ ತೊಟ್ಟನ್ನು ಅಳೆಯದೆ ತೀರ್ಪು ಕೊಡುವುದು ಶಾಸ್ತ್ರಕ್ಕೆ ಒಪ್ಪುವಂಥದ್ದಲ್ಲ. ಹಿಂದಿನ ಮಹಾಮಸ್ತಕಾಭಿಷೇಕ 2015ರಲ್ಲಿ ನಡೆದಿದೆ. ಮುಂದಿನದಕ್ಕೆ ಅಟ್ಟಳಿಗೆ ಕಟ್ಟುವಾಗ, ಹಾಲಿನ ಕೊಡಗಳು ಮೇಲೇರುವ ಮುನ್ನ, ಅಳತೆಯ ಟೇಪು ಹಿಡಿದ ಒಬ್ಬರಿಗೆ ಅರ್ಧ ಗಂಟೆ ಜಾಗ ಕೊಡಬೇಕೆಂದು ಈ ಮೂಲಕ ವಿನಂತಿ.